ಲೊಟ್ಟೆ ಮೊದಲು, ನಿಜ ಮತ್ತೆ: ಕಾಸರಗೋಡಿನ ಚರಿತ್ರೆ ಬಗ್ಗೆ ಓದುಗರು ಕೇಳಿದ್ದು, ಮಾಷ್ಟ್ರು ಹೇಳಿದ್ದು

ಹೊಸದಾಗಿ ಓದುವವರಿಗೆ ಸುರುವಿಗೇ ಹೇಳಿಬಿಡ್ತೇನೆ, ಮತ್ತೆ ಫೋನ್ ಮಾಡಿ ಬೈಬೇಡಿ. ಇಲ್ಲಿ ನಮ್ಮ ಕಾಸರಗೋಡಿನ ಚರಿತ್ರೆ ಬಗ್ಗೆ ನೀವು ಎಂತ ಬೇಕಾದ್ರೂ ಕೇಳಿ, ನಾನು ಮೊದಲು ಒಂದು ಲೊಟ್ಟೆ, ಅಂದ್ರೆ ಸುಳ್ಳು, ಬಿಡ್ತೇನೆ, ಆಮೇಲೆ ನಿಜ ಎಂತ ಅಂತ ಹೇಳ್ತೇನೆ. ಲೊಟ್ಟೆಗೆ ಲೊಟ್ಟೆ ಅಂತಲೇ ಬೋರ್ಡು ಹಾಕಿರ್ತೇನೆ. ಚಾಯದಂಗಡಿ ಬೆಂಚಿನಲ್ಲಿ ಇದೇ ಕೆಲಸ ಅಜ್ಜಂದಿರ ಕಾಲದಿಂದ ಬೋರ್ಡು ಇಲ್ಲದೆ ನಡೀತಾ ಉಂಟು, ಅವರನ್ನು ಯಾರೂ ಕೇಳುದಿಲ್ಲ, ನನ್ನನ್ನು ಮಾತ್ರ ಎಲ್ಲರೂ ಹಿಡ್ಕೊಳ್ತಾರೆ.

ಪ್ರಶ್ನೆ: ಮಾಷ್ಟ್ರೆ, ಬೇಕಲ ಕೋಟೆಯಿಂದ ಮಧೂರು ದೇವಸ್ಥಾನದವರೆಗೆ ನೆಲದಡಿಯಲ್ಲಿ ಸುರಂಗ ಉಂಟು, ಮೊದಲು ಅದರಲ್ಲಿ ಕುದುರೆ ಹೋಗ್ತಿತ್ತು ಅಂತ ನಮ್ಮ ಅಜ್ಜ ಹೇಳ್ತಿದ್ರು. ಹೌದಾ?
– ಪಳ್ಳಿಕ್ಕೆರೆಯ ಓದುಗ

ಲೊಟ್ಟೆ: ಕುದುರೆ ಎಂತದ್ದು, ಹೋಗ್ಲಿಕ್ಕೊಂದು ಬರ್ಲಿಕ್ಕೊಂದು ಅಂತ ಎರಡು ಲೈನ್ ಇತ್ತು. ಕೆಳದಿಯವರ ಕಾಲದಲ್ಲಿ ಒಬ್ಬ ಸಿಪಾಯಿ ಸಂಬಳದ ಚೀಟಿ ಹಿಡ್ಕೊಂಡು ಬೇಕಲದಲ್ಲಿ ಒಳಗೆ ಹೊಕ್ಕವ, ನಡುವಿನಲ್ಲಿ ದಾರಿ ತಪ್ಪಿ, ಹೊರಗೆ ತಲೆ ಹಾಕಿದ್ದು 1956 ನವೆಂಬರ್ 2ಕ್ಕೆ. ಒಂದು ದಿವಸ ಮೊದಲು ಬರ್ಲಿಕ್ಕೆ ಆಗ್ಲಿಲ್ವಾ ಮಾರಾಯ, ನಿನ್ನೆಯಿಂದ ರಾಜ್ಯವೇ ಬೇರೆ, ಈ ಚೀಟಿ ಇಲ್ಲಿ ನಡೆಯುದಿಲ್ಲ, ಆ ಕೌಂಟರಿಗೆ ಹೋಗು ಅಂತ ಕಳಿಸಿದ್ರು. ಅವ ಇನ್ನೂ ಕ್ಯೂವಿನಲ್ಲಿ ಇದ್ದಾನೆ.

ನಿಜ: ಬೇಕಲದಿಂದ ಕಾಸರಗೋಡು ಪೇಟೆಗೇ ಹದಿನಾರು ಕಿಲೋಮೀಟರ್ ಹತ್ರ ಆಗ್ತದೆ, ಅಲ್ಲಿಂದ ಮಧೂರಿಗೆ ಮತ್ತೆ ಏಳೆಂಟು, ನಡುವಿನಲ್ಲಿ ಚಂದ್ರಗಿರಿ ಹೊಳೆ ಬೇರೆ ಅಡ್ಡ ಉಂಟು. ಆಟಿ ತಿಂಗಳ ಮಳೆಗೆ ನಮ್ಮ ಮನೆ ಬಾವಿಯ ಕಟ್ಟೆ ಜರಿಯುವ ಊರಲ್ಲಿ ಹೊಳೆಯ ಅಡಿಯಿಂದ ಕುದುರೆ ಓಡಿಸುದಾ? ಈ ಕತೆ ಬೇಕಲಕ್ಕೆ ಮಾತ್ರ ಅಲ್ಲ ಮತ್ತೆ, ಚಂದ್ರಗಿರಿ ಕೋಟೆಗೂ ಉಂಟು, ಹೊಸದುರ್ಗದ ಕೋಟೆಗೂ ಉಂಟು, ಕುಂಬಳೆ ಹತ್ರದ ಆರಿಕ್ಕಾಡಿ ಕೋಟೆಗೂ ಉಂಟು. ಸುರಂಗದ ಒಂದು ತುದಿ ಯಾವಾಗ್ಲೂ ಕೋಟೆ, ಇನ್ನೊಂದು ತುದಿ ಕತೆ ಹೇಳುವವನ ಊರಿನ ದೇವಸ್ಥಾನ. ನಿಮ್ಮ ಅಜ್ಜನಿಗೆ ಮಧೂರಿನ ಕಡೆ ಸಂಬಂಧಿಕರು ಇದ್ದಾರಾ ಅಂತ ವಿಚಾರಿಸಿ ನೋಡಿ.

ಆದ್ರೆ ನನಗೆ ಬೇಜಾರು ಎಂತದ್ದು ಹೇಳಿದ್ರೆ, ಇಲ್ಲದ ಸುರಂಗಕ್ಕೆ ಇಷ್ಟು ಮಾತಾಡುವ ನಾವು ಇದ್ದ ಸುರಂಗದ ಬಗ್ಗೆ ಬಾಯಿ ಬಿಡುದಿಲ್ಲ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ತೋಟದವರನ್ನು ಕೇಳಿ, ಗುಡ್ಡೆಗೆ ಅಡ್ಡಕ್ಕೆ ಅಗೆದ ನೀರಿನ ಸುರಂಗ ಇಲ್ಲದ ಹಳೇ ಮನೆ ಹುಡುಕುದೇ ಕಷ್ಟ. ಬಾವಿ ಕೆಳಗೆ ಇಳೀತದೆ, ಸುರಂಗ ಸೀದ ಗುಡ್ಡೆಯ ಹೊಟ್ಟೆಗೆ ಹೋಗ್ತದೆ, ವ್ಯತ್ಯಾಸ ಅಷ್ಟೇ. ಮುರಕಲ್ಲಿನ ಗುಡ್ಡೆ, ಒಬ್ಬ ಮನುಷ್ಯ ಬಗ್ಗಿ ನಿಂತು ಪಿಕ್ಕಾಸು ಬೀಸುವಷ್ಟು ಮಾತ್ರ ಅಗಲ, ಅಗೆದ ಮಣ್ಣು ಬುಟ್ಟಿಯಲ್ಲಿ ಹೊರಗೆ ಬರ್ಬೇಕು, ಒಳಗೆ ಹೋದ ಹಾಗೆ ಕತ್ತಲೆ, ಒಂದು ದೀಪವೋ ಕ್ಯಾಂಡಲ್ಲೋ ಹತ್ತಿಸಿ ಇಟ್ಕೊಳ್ತಾರೆ, ಅದು ಬೆಳಕಿಗೆ ಮಾತ್ರ ಅಲ್ಲ, ದೀಪ ಸಣ್ಣ ಆಗ್ಲಿಕ್ಕೆ ಸುರುವಾದ್ರೆ ಉಸಿರಿಗೆ ಗಾಳಿ ಕಡಿಮೆ ಆಯ್ತು ಅಂತ ಅರ್ಥ, ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರ್ಬೇಕು. ತುಂಬ ಉದ್ದ ಹೋದ್ರೆ ಮೇಲಿಂದ ಗಾಳಿಗಂಡಿ ತೋಡ್ತಾರೆ. ಅದೃಷ್ಟ ಇದ್ರೆ ಒಂದು ದಿವಸ ಗೋಡೆ ಚಂಡಿ ಆಗ್ತದೆ, ಆಮೇಲೆ ತೊಟ್ಟಿಕ್ತದೆ, ನೆಲ ಸ್ವಲ್ಪ ಹೊರಗೆ ಇಳಿಜಾರು ಇರುದ್ರಿಂದ ಆ ನೀರು ತನ್ನಷ್ಟಕ್ಕೆ ಹರಿದು ಬಾಯಿಗೆ ಬರ್ತದೆ, ಅಲ್ಲಿಂದ ಅಡಕೆ ಮರ ಸೀಳಿ ಮಾಡಿದ ದಂಬೆ ಇಟ್ಟು ಕೆರೆಗೆ ಬಿಡುದು. ಪಂಪಿಲ್ಲ, ಕರೆಂಟಿಲ್ಲ, ಬಿಲ್ಲಿಲ್ಲ. ರಾತ್ರಿ ಇಡೀ ತುಂಬಿದ ಕೆರೆಯಿಂದ ಬೆಳಿಗ್ಗೆ ತೋಟಕ್ಕೆ.

ಗಡಿಯ ಆಚೆ, ಅಡ್ಯನಡ್ಕ ಹತ್ರದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಅಗೆದು, ಒಂದರ ಮೇಲೊಂದು ಫೇಲಾಗಿ, ಬಿಡದೆ ಮತ್ತೂ ಅಗೆದು, ಕೊನೆಗೆ ನೀರು ತಂದವರು, 2022ರಲ್ಲಿ ಪದ್ಮಶ್ರೀ ಸಿಕ್ಕಿತು. ಈಗ ಹೇಳಿ, ಇದರ ಎದುರು ನಿಮ್ಮ ಕುದುರೆ ಸುರಂಗ ಎಂತ ದೊಡ್ಡದು?

ಪ್ರಶ್ನೆ: ಹೊಸ ಬಸ್‌ಸ್ಟ್ಯಾಂಡಲ್ಲಿ ನಿಂತ್ರೆ ಮಂಗಳೂರಿಗೆ ಹೋಗುವ ಕೆಂಪು ಬಸ್ಸೂ ಕೆಎಸ್‌ಆರ್‌ಟಿಸಿ, ತಿರುಗಿ ಬರುವ ಕೆಂಪು ಬಸ್ಸೂ ಕೆಎಸ್‌ಆರ್‌ಟಿಸಿ. ನಮ್ಮ ಅತ್ತೆ ದೂರದಿಂದ ಬಂದವರು, ಕನ್‌ಫ್ಯೂಸ್ ಆಗಿ ಕೇಳಿದ್ರು, ನನಗೆ ಹೇಳ್ಲಿಕ್ಕೆ ಬರ್ಲಿಲ್ಲ. ಇದರ ಹಿಂದೆ ಎಂತ ಚರಿತ್ರೆ?
– ವಿದ್ಯಾನಗರದಿಂದ ಒಬ್ಬ ಸೊಸೆ

ಲೊಟ್ಟೆ: ಅತ್ತೆಗೆ ಹೀಗೆ ಹೇಳಿ. ರಾಜ್ಯ ಪಾಲು ಆಗುವಾಗ ತಲಪಾಡಿಯಲ್ಲಿ ಸರಿಯಾಗಿ ಗೆರೆಯ ಮೇಲೆ ಒಂದೇ ಒಂದು ಬಸ್ಸು ನಿಂತಿತ್ತು, ಡ್ರೈವರ್ ಚಾಯ ಕುಡೀಲಿಕ್ಕೆ ಇಳಿದಿದ್ದ. ಎರಡೂ ಕಡೆಯವರು ನಮಗೆ ನಮಗೆ ಅಂತ ಎಳೆದು ಬಸ್ಸು ನಡುವಿನಲ್ಲಿ ತುಂಡಾಯ್ತು. ಎದುರಿನ ಅರ್ಧ ಒಬ್ಬರಿಗೆ, ಹಿಂದಿನ ಅರ್ಧ ಇನ್ನೊಬ್ಬರಿಗೆ. ಆಮೇಲೆ ಇಬ್ಬರೂ ಬಾಕಿ ಅರ್ಧ ಕಟ್ಟಿಸಿದ್ರು, ಹೆಸರು ಮಾತ್ರ ಯಾರೂ ಬಿಡ್ಲಿಲ್ಲ. ಸೀಟಿಗೆ ಟವೆಲ್ ಹಾಕಿ ಹಿಡಿಯುವ ಕ್ರಮ ಸುರುವಾದದ್ದೂ ಆವತ್ತೇ.

ನಿಜ: ಕರ್ನಾಟಕದ್ದು ನಿಗಮ ಆದದ್ದು 1961ರಲ್ಲಿ, ಆದ್ರೆ ಆಗ ರಾಜ್ಯದ ಹೆಸರೇ ಮೈಸೂರು, ಹಾಗಾಗಿ ಬಸ್ಸಿನ ಹೆಸರೂ ಮೈಸೂರಿನದ್ದು. ಕೇರಳದ್ದು 1965ರಲ್ಲಿ ಕೆಎಸ್‌ಆರ್‌ಟಿಸಿ ಆಯ್ತು. 1973 ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಆಯ್ತಲ್ಲ, ಮೈಸೂರಿನ ಎಮ್ಮು ಹೋಗಿ ಕೆ ಬಂತು, ಅಲ್ಲಿಗೆ ಒಂದೇ ಹೆಸರಿನ ಇಬ್ಬರು. ವರ್ಷಗಟ್ಟಲೆ ಯಾರಿಗೂ ತೊಂದರೆ ಇರ್ಲಿಲ್ಲ. ಮತ್ತೆ ಹೆಸರು ಯಾರದ್ದು ಅಂತ ಜಗಳ ಟ್ರೇಡ್‌ಮಾರ್ಕ್ ಆಫೀಸಿಗೆ ಹೋಯ್ತು, 2021ರಲ್ಲಿ ಗೆದ್ದದ್ದು ನಾವು ಅಂತ ಕೇರಳದವರು ಹೇಳಿದ್ರು, ಇಲ್ಲ ಇಲ್ಲ ಅಂತ ಕರ್ನಾಟಕದವರು ಹೇಳಿದ್ರು, 2023 ಡಿಸೆಂಬರಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿ ವಜಾ ಮಾಡ್ತು. ಇಷ್ಟೆಲ್ಲ ಆಗುವಾಗ ನಮ್ಮ ಜನ ಎಂತ ಮಾಡಿದ್ರು ಗೊತ್ತುಂಟಾ? ಯಾವುದು ಮೊದಲು ಬಂತೋ ಅದಕ್ಕೆ ಹತ್ತಿದ್ರು. ಅತ್ತೆಗೂ ಅದೇ ಹೇಳಿ.

ಪ್ರಶ್ನೆ: ಮಾಷ್ಟ್ರೆ, ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳ್ತಾರಲ್ಲ, ಏಳೇ ಭಾಷೆ ಯಾಕೆ?
– ಮುಳ್ಳೇರಿಯದ ವಿದ್ಯಾರ್ಥಿ

ಲೊಟ್ಟೆ: ಒಂದರಲ್ಲಿ ಸಾಲ ಕೇಳ್ಲಿಕ್ಕೆ, ಬಾಕಿ ಆರರಲ್ಲಿ ನಾಳೆ ಕೊಡ್ತೇನೆ ಅನ್ಲಿಕ್ಕೆ.

ನಿಜ: ಸಾಮಾನ್ಯ ಲೆಕ್ಕ ಹಾಕುದು ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು. ಈ ಪಟ್ಟಿ ಓದಿದ ತಕ್ಷಣ ನಮ್ಮದು ಎಲ್ಲಿ ಅಂತ ಎದ್ದು ನಿಲ್ಲುವವರು ಪ್ರತಿ ಸಭೆಯಲ್ಲಿ ಇರ್ತಾರೆ, ಅವರು ಹೇಳುದೂ ಸರಿಯೇ. ಏಳು ಅಂದ್ರೆ ಭಾಷಣಕ್ಕೆ ಚಂದ ಕೇಳ್ತದೆ ಅಂತ ಅಷ್ಟೇ.

ಪ್ರಶ್ನೆ: ನೀವು ಕಳೆದ ಸಂಚಿಕೆಯಲ್ಲಿ ಚಂದ್ರಗಿರಿ ಹೊಳೆ ಮೊದಲು ಕಡಲಿಂದ ಗುಡ್ಡೆಗೆ ಹರೀತಿತ್ತು, ಬ್ರಿಟಿಷ್ ಸರ್ವೆಯವರು ಬಂದು ತಿರುಗಿಸಿ ಇಟ್ರು ಅಂತ ಬರೆದ್ರಿ. ನನ್ನ ಮಗ ಅದನ್ನು ನೀಟಾಗಿ ಶಾಲೆಯ ಪ್ರಾಜೆಕ್ಟಿಗೆ ಬರೆದ. ಹತ್ತಕ್ಕೆ ಒಂಬತ್ತು ಮಾರ್ಕು ಸಿಕ್ಕಿತು. ಒಂದು ಮಾರ್ಕು ಕಟ್ ಆದದ್ದು ಚಿತ್ರ ಬಿಡಿಸದ್ದಕ್ಕೆ. ಇದಕ್ಕೆ ಯಾರು ಜವಾಬ್ದಾರಿ?
– ಸಿಟ್ಟು ಬಂದ ಅಮ್ಮ, ಚೆರ್ಕಳ

ಅಮ್ಮ, ಸಿಟ್ಟು ಮಾಡ್ಬೇಡಿ. ಆ ಲೊಟ್ಟೆಯ ಅಡಿಯಲ್ಲಿ ನಿಜ ಕೂಡ ಬರೆದಿದ್ದೆ, ಹುಡುಗ ಅಲ್ಲಿವರೆಗೆ ಓದ್ಲಿಲ್ಲ. ಮಾರ್ಕು ಕೊಟ್ಟವರೂ ಓದ್ಲಿಲ್ಲ. ನನಗೆ ಇದರಲ್ಲಿ ಒಂದು ನಿಯಮ ಉಂಟು, ಕೇಳಿ. ಲೊಟ್ಟೆ ಹೇಳಿದ್ರೆ ನಂಬ್ಲಿಕ್ಕೆ ಆಗದಷ್ಟು ದೊಡ್ಡದು ಹೇಳ್ಬೇಕು. ಹೊಳೆ ಹಿಂದೆ ಹರೀತಿತ್ತು ಅಂದ್ರೆ ಯಾರಿಗೂ ನಷ್ಟ ಇಲ್ಲ. ಅದೇ ವಾಟ್ಸಾಪಿನಲ್ಲಿ ಬರ್ತದಲ್ಲ, ಇಂಥ ದೇವಸ್ಥಾನ ಐದು ಸಾವಿರ ವರ್ಷ ಹಳತು, ಇಂಥ ಮಸೀದಿ ಇಂಥವರ ಜಾಗ, ನಾಸಾದವರು ನಮ್ಮ ಗುಡ್ಡೆಗೆ ಬಂದು ಬೆರಗಾಗಿ ಹೋದ್ರು ಅಂತೆಲ್ಲ, ಅದು ಲೊಟ್ಟೆ ಕೂಡ ಅಲ್ಲ, ಬರೀ ಸೋಮಾರಿತನ. ನಗು ಬರುದಿಲ್ಲ, ಜಗಳ ಮಾತ್ರ ಬರ್ತದೆ. ಅಂಥದ್ದು ಈ ಅಂಕಣಕ್ಕೆ ಕಳಿಸಿದವರ ಪತ್ರ ನಾನು ಒಲೆಗೆ ಹಾಕ್ತೇನೆ.

ಈಗ ಹುಡುಗನಿಗೆ ತೋರಿಸ್ಲಿಕ್ಕೆ ನಿಜದ್ದು ಪುನಃ ಬರೀತೇನೆ. ಚಂದ್ರಗಿರಿಗೆ ಮೇಲೆ ಪಯಸ್ವಿನಿ ಅಂತ ಹೆಸರು, ಕೊಡಗಿನ ಗುಡ್ಡೆಯಲ್ಲಿ ಹುಟ್ಟಿ ಸುಳ್ಯ ದಾಟಿ ಬಂದು ಕಾಸರಗೋಡಿನ ತಳಂಗರೆ ಹತ್ರ ಕಡಲು ಸೇರ್ತದೆ, ಉದ್ದ ನೂರೈದು ಕಿಲೋಮೀಟರ್. ಉತ್ತರಕ್ಕೆ ತುಳುನಾಡು, ದಕ್ಷಿಣಕ್ಕೆ ಮಲಯಾಳ ದೇಶ ಅಂತ ಹಿಂದಿನಿಂದ ಗಡಿ ಲೆಕ್ಕ ಹಾಕಿದ್ದು ಇದೇ ಹೊಳೆಯಲ್ಲಿ. ನಾಯರ್ ಹೆಂಗಸರು ಈ ಹೊಳೆ ದಾಟಬಾರ್ದು ಅಂತ ಒಂದು ಕಟ್ಟುಕಟ್ಟಲೆ ಇತ್ತು, ಇದು ಲೊಟ್ಟೆ ಅಲ್ಲ, 1894ರಲ್ಲಿ ಸ್ಟರಕ್ ಅನ್ನುವ ಅಧಿಕಾರಿ ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿಯಲ್ಲಿ ಬರೆದಿಟ್ಟಿದ್ದಾರೆ. 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ ಆಯೋಗ ಕೂಡ ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರ್ಬೇಕು ಅಂತ ಹೇಳಿದ್ದು ಇದೇ ಹೊಳೆ ನೋಡಿ. ವರದಿ ಬಂತು, ಹೊಳೆ ಹರೀತಾ ಉಂಟು, ಸೇರಿದ್ದು ಮಾತ್ರ ಎಂತದೂ ಇಲ್ಲ. ಮಗನಿಗೆ ಹೇಳಿ ಇದನ್ನು ಬರೆದ್ರೆ ಎಷ್ಟು ಮಾರ್ಕು ಸಿಕ್ತದೆ ಅಂತ ನನಗೊಂದು ಕಾರ್ಡು ಹಾಕ್ಲಿಕ್ಕೆ, ಒಂಬತ್ತಕ್ಕಿಂತ ಕಡಿಮೆ ಸಿಕ್ಕಿದ್ರೆ ನನಗೆ ಆಶ್ಚರ್ಯ ಇಲ್ಲ.

ಪ್ರಶ್ನೆ: ಅನಂತಪುರದ ಬಬಿಯಾ ಮೊಸಳೆಗೆ ಮುನ್ನೂರು ವರ್ಷ ಆಗಿತ್ತಂತೆ?
– ನಾಯ್ಕಾಪಿನಿಂದ

ಲೊಟ್ಟೆ: ಮುನ್ನೂರು ಅಲ್ಲ, ಅದಕ್ಕೆ ಓಣಂ ಸದ್ಯದ ಊಟ, ದೀಪಾವಳಿ ಪಾಯಸ ಎರಡೂ ಲೆಕ್ಕ ಹಾಕಿ ವಯಸ್ಸು ಡಬಲ್ ಆದದ್ದು.

ನಿಜ: ಎಪ್ಪತ್ತು ದಾಟಿತ್ತು ಅಂತ ಊರವರ ನಂಬಿಕೆ. ಕುಂಬಳೆ ಹತ್ರದ ಅನಂತಪುರ ದೇವಸ್ಥಾನ ಇರುದೇ ಕೆರೆಯ ನಡುವಿನಲ್ಲಿ, ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಅಂತ ಹೇಳ್ತಾರೆ. ಬಬಿಯಾ ಆ ಕೆರೆಯಲ್ಲಿ ಇದ್ದುಕೊಂಡು ನೈವೇದ್ಯದ ಅನ್ನ ತಿಂತಿತ್ತು, ಯಾರಿಗೂ ಉಪದ್ರ ಕೊಟ್ಟದ್ದಿಲ್ಲ, 2022 ಅಕ್ಟೋಬರ್ 9ರ ರಾತ್ರಿ ಸತ್ತಿತು, ಊರಿಡೀ ಹೋಗಿ ಕೈಮುಗಿದು ಬಂತು. ಒಂದು ಮೊಸಳೆ ಹೋದ್ರೆ ಇನ್ನೊಂದು ಬರ್ತದೆ ಅಂತ ಹಿರಿಯರು ಹೇಳುವಾಗ ನಾನೂ ತಲೆ ಆಡಿಸಿ ಸುಮ್ಮನಿದ್ದೆ. 2023 ನವೆಂಬರಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಎಲ್ಲಿಂದ ಬಂತು, ಹೇಗೆ ಬಂತು? ಇದಕ್ಕೆ ನನ್ನ ಹತ್ರ ಲೊಟ್ಟೆ ಕೂಡ ಇಲ್ಲ ಮಾರಾಯ್ರೆ.

ಪ್ರಶ್ನೆ: ನಮ್ಮ ಮನೆ ಇನ್ನೂರು ಮುನ್ನೂರು ವರ್ಷದ್ದು, ಜಾಗ ಬಿಟ್ಟು ಒಂದು ಅಂಗುಲ ಕದಲಿದ್ದಿಲ್ಲ. ಆದ್ರೂ ಹಳೇ ಪೆಟ್ಟಿಗೆಯ ಕಾಗದದಲ್ಲಿ ಒಂದೊಂದರಲ್ಲಿ ಒಂದೊಂದು ಜಿಲ್ಲೆ, ಒಂದೊಂದು ರಾಜ್ಯ. ಯಾವುದು ಸರಿ?
– ಬದಿಯಡ್ಕದ ಹತ್ರದ ಒಂದು ತರವಾಡಿನಿಂದ

ಲೊಟ್ಟೆ: ನಿಮ್ಮ ಮನೆ ರಾತ್ರಿ ಹೊತ್ತು ನಡೀತದೆ. ಬೆಳಿಗ್ಗೆ ಆಗುವಾಗ ಜಾಗಕ್ಕೆ ಬಂದು ಕೂತ್ಕೊಳ್ತದೆ, ಆದ್ರೆ ಯಾವ ರಾಜ್ಯದಿಂದ ತಿರುಗಿ ಬಂತು ಅಂತ ತಾಲೂಕು ಆಫೀಸಿನವರಿಗೆ ಹೇಳುದಿಲ್ಲ.

ನಿಜ: ಎಲ್ಲವೂ ಸರಿ, ಅದೇ ಗಮ್ಮತ್ತು. ಈ ಕಡೆ ಕುಂಬಳೆ ಅರಸರ ಸೀಮೆ, ಅವರ ಮಾಯಿಪ್ಪಾಡಿ ಅರಮನೆ ಈಗಲೂ ಉಂಟು. ಹದಿನೇಳನೇ ಶತಮಾನದಲ್ಲಿ ಕೆಳದಿ ನಾಯಕರು ಬಂದು ಕಡಲ ಬದಿ ಉದ್ದಕ್ಕೂ ಕೋಟೆ ಕಟ್ಟಿಸಿದ್ರು. 1763ರಲ್ಲಿ ಕೆಳದಿಯನ್ನೇ ಹೈದರಾಲಿ ಹಿಡಿದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪೆನಿ ಸರ್ಕಾರದ ಕೆನರಾ ಜಿಲ್ಲೆ ಆಯ್ತು. 1860ರ ಆಸುಪಾಸಿಗೆ ಕೆನರಾ ಎರಡು ತುಂಡಾಗಿ ಉತ್ತರದ್ದು ಬೊಂಬಾಯಿಗೆ ಹೋಯ್ತು, ನಾವು ದಕ್ಷಿಣ ಕನ್ನಡ ಅಂತ ಮದ್ರಾಸಿಗೇ ಉಳಿದ್ವಿ. ಅಜ್ಜಂದಿರು ಕೋರ್ಟು ವ್ಯಾಜ್ಯ ಅಂತ ಹೇಳಿ ಮಂಗಳೂರಿಗೆ ಓಡಾಡಿದ್ದೆಲ್ಲ ಆಗ. 1956 ನವೆಂಬರ್ 1ಕ್ಕೆ ಕೇರಳ ಆಯ್ತು, ಕಾಸರಗೋಡು ತಾಲೂಕು ಹೋದದ್ದು ಮಲಬಾರ್ ಜಿಲ್ಲೆಗೆ. ಸರಿ, ಮಲಬಾರ್ ಅಂತ ಬರೆದು ಅಭ್ಯಾಸ ಮಾಡುವ ಅಂತ ಇರುವಾಗ ಎರಡೇ ತಿಂಗಳಲ್ಲಿ, 1957 ಜನವರಿ 1ಕ್ಕೆ, ಮಲಬಾರ್ ಜಿಲ್ಲೆಯೇ ಮೂರು ಪಾಲಾಯ್ತು, ನಾವು ಕಣ್ಣೂರು ಆದ್ವಿ. 1984 ಮೇ 24ಕ್ಕೆ ಕಾಸರಗೋಡೇ ಒಂದು ಜಿಲ್ಲೆ ಆಯ್ತು.

ಈ ಎಲ್ಲದರ ಹೊತ್ತಿಗೂ ನಿಮ್ಮ ಮನೆಯಲ್ಲಿ ಗಂಜಿಗೆ ಅದೇ ಉಪ್ಪಿನಕಾಯಿ. ಪೆಟ್ಟಿಗೆಯಲ್ಲಿ ಆ ಎರಡು ತಿಂಗಳ ಮಲಬಾರಿನ ಕಾಗದ ಏನಾದ್ರೂ ಸಿಕ್ಕಿದ್ರೆ ಅದನ್ನು ಗೆದ್ದಲಿಗೆ ಬಿಡ್ಬೇಡಿ, ಅಂಥದ್ದು ಎಲ್ಲರ ಮನೆಯಲ್ಲಿ ಇರುದಿಲ್ಲ. ಕನ್ನಡದಲ್ಲಿ ಅರ್ಜಿ ಕೊಟ್ರೆ ಉತ್ತರ ಯಾವ ಭಾಷೆಯಲ್ಲಿ ಬರ್ತದೆ ಅಂತಲೂ ನೀವು ಕೇಳಿದ್ದೀರಿ, ಅದು ಚರಿತ್ರೆ ಅಲ್ಲ, ವರ್ತಮಾನ, ಅದಕ್ಕೆ ಸಂಪಾದಕೀಯ ಪುಟ ಉಂಟು. ಅಲ್ಲಿಯೂ ಬರೀತಾ ಬರೀತಾ ಸಾಕಾಗಿದೆ, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ಕೊನೆವರೆಗೂ ಅದನ್ನೇ ಹೇಳಿದ್ರು.

ಪ್ರಶ್ನೆ: ಮಂಜೇಶ್ವರದ ಗೋವಿಂದ ಪೈಗಳು ಪ್ರಾಸ ಬಿಟ್ರು ಅಂತ ಪಾಠದಲ್ಲಿ ಉಂಟು. ಎಲ್ಲಿ ಬಿಟ್ರು?
– ಒಂಬತ್ತನೇ ಕ್ಲಾಸು, ಹೊಸಂಗಡಿ

ಲೊಟ್ಟೆ: ನಿಮ್ಮ ಹೊಸಂಗಡಿ ಪೇಟೆಯಲ್ಲೇ ಬಿಟ್ಟದ್ದು. ಸಿಕ್ಕಿದ್ದು ಎಲೆಕ್ಷನ್ ಅನೌನ್ಸ್‌ಮೆಂಟಿನ ಜೀಪಿನವರಿಗೆ. ಅವರು ಇವತ್ತಿನವರೆಗೂ ತಿರುಗಿ ಕೊಡ್ಲಿಲ್ಲ, ನಮ್ಮ ನಿಮ್ಮೆಲ್ಲರ ನೆಚ್ಚಿನ, ಮೆಚ್ಚಿನ, ಕೆಚ್ಚಿನ ಅಂತ ಮೈಕಿನಲ್ಲಿ ಬರ್ತದಲ್ಲ, ಅದು ಪೈಗಳ ಮಾಲು.

ನಿಜ: ಮೊದಲು ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರ್ಬೇಕು ಅಂತ ಕಡ್ಡಾಯ ಇತ್ತು. 1911ರಲ್ಲಿ ಪೈಗಳು ಅದನ್ನು ಬಿಟ್ಟು ಬರೆದ್ರು, ಆಗ ಅದು ದೊಡ್ಡ ಧೈರ್ಯ. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಕರೀತು, ಕನ್ನಡದಲ್ಲಿ ಆ ಹೆಸರು ಸಿಕ್ಕಿದ ಮೊದಲಿಗರು ಅವರೇ. ಅವರ ಮನೆ ಈಗ ಗಿಳಿವಿಂಡು ಅಂತ ಸ್ಮಾರಕ ಆಗಿದೆ, ನಿಮಗೆ ನಡೆದುಕೊಂಡು ಹೋಗುವಷ್ಟು ದೂರ, ಹೋಗಿ ಬನ್ನಿ. ಪ್ರಾಸ ಹುಡುಕ್ಲಿಕ್ಕೆ ಅಲ್ಲ.

ಪ್ರಶ್ನೆ: ಕುಂಬಳೆಯಿಂದ ಮಾಲ್ಡೀವ್ಸಿಗೆ ಹಿಂದೆ ಸಂಬಂಧ ಇತ್ತು ಅಂತ ಯಾರೋ ಹೇಳಿದ್ರು. ಇದು ನೀವು ಬಿಟ್ಟ ಲೊಟ್ಟೆಯಾ ಬೇರೆಯವರದ್ದಾ?
– ಕುಂಬಳೆ ಪೇಟೆಯ ಅಂಗಡಿಯವರು

ಇದು ನನ್ನದಲ್ಲ, ಮತ್ತೆ ಲೊಟ್ಟೆಯೂ ಅಲ್ಲ. ಹದಿನಾರನೇ ಶತಮಾನದ ಸುರುವಿಗೆ ದುವಾರ್ತೆ ಬಾರ್ಬೋಸ ಅನ್ನುವ ಪೋರ್ಚುಗೀಸಿನವ ಬರೆದಿದ್ದಾನೆ, ಕುಂಬಳೆಯಿಂದ ಮಾಲ್ಡೀವ್ಸ್ ದ್ವೀಪಗಳಿಗೆ ಅಕ್ಕಿ ಹೋಗ್ತದೆ, ಬದಲಿಗೆ ಅಲ್ಲಿಂದ ತೆಂಗಿನ ನಾರು ಬರ್ತದೆ ಅಂತ. ಅಷ್ಟರಲ್ಲಿ ನಿಲ್ಲಿಸಿದ್ರೆ ಚಂದ ಇತ್ತು, ಅಕ್ಕಿ ಕಪ್ಪು, ಅಷ್ಟು ಒಳ್ಳೇದಲ್ಲ ಅಂತಲೂ ಸೇರಿಸಿದ್ದಾನೆ. ನಮ್ಮ ಕುಚ್ಚಿಲಕ್ಕಿ ಗಂಜಿಯನ್ನು ಚಟ್ನಿ ಇಲ್ಲದೆ ಕೊಟ್ಟಿರ್ಬೇಕು ಅವನಿಗೆ. ತೆಂಗಿನ ಊರಿನವರು ನಾರು ಹೊರಗಿಂದ ತರಿಸಿದ್ದು ಯಾಕೆ ಅಂತ ನೀವು ಕೇಳುವ ಮೊದಲೇ ಲೊಟ್ಟೆ ಹೇಳ್ತೇನೆ: ಇಲ್ಲಿಯ ನಾರೆಲ್ಲ ಆಗಲೇ ಬೇಲಿಜಗಳದಲ್ಲಿ ಬೇಲಿ ಕಟ್ಟಿ ಮುಗಿದಿತ್ತು.

ಪ್ರಶ್ನೆ: ಶಿವಪ್ಪ ನಾಯಕ ಬೇಕಲ ಕೋಟೆ ಯಾರಿಗೋಸ್ಕರ ಕಟ್ಟಿಸಿದ್ದು, ರಾಣಿಗಾ?
– ಉದುಮದ ಕ್ಯಾಮರಾದವ

ಲೊಟ್ಟೆ: ನಿಮಗೋಸ್ಕರ. ಮುನ್ನೂರೈವತ್ತು ವರ್ಷ ಕಳೆದ ಮೇಲೆ ಪ್ರಿ-ವೆಡ್ಡಿಂಗ್ ಶೂಟಿಂಗ್ ಅಂತ ಒಂದು ಬರ್ತದೆ, ಹುಡುಗಿಯ ಸೆರಗು ಹಾರ್ಲಿಕ್ಕೆ ಗಾಳಿ ಬೇಕು, ಹಿಂದೆ ಕಡಲು ಕಾಣ್ಬೇಕು, ಗೋಡೆಯ ತೂತಿನಿಂದ ಹುಡುಗ ಇಣುಕ್ಬೇಕು ಅಂತ ಎಲ್ಲ ಮೊದಲೇ ಯೋಚಿಸಿ ಜಾಗ ಆರಿಸಿದ.

ನಿಜ: ರಾಣಿಗೂ ಅಲ್ಲ, ರಾಜನಿಗೂ ಅಲ್ಲ. 1650ರ ಆಸುಪಾಸಿಗೆ ಕಟ್ಟಿದ್ದು, ಸುಮಾರು ನಲ್ವತ್ತು ಎಕ್ರೆ, ಇಷ್ಟು ದೊಡ್ಡ ಕೋಟೆ ಕೇರಳದಲ್ಲಿ ಬೇರೆ ಇಲ್ಲ, ಆದ್ರೂ ಒಳಗೆ ಒಂದು ಅರಮನೆ ಇಲ್ಲ ನೋಡಿ. ಬರೀ ಕಾವಲಿಗೆ ಕಟ್ಟಿದ್ದು. ಹುಡುಗ ಇಣುಕುವ ಆ ತೂತು ಕೋವಿಗೆ ಅಂತ ಮಾಡಿದ್ದು, ಮದುವೆಗೆ ಮೊದಲು ಅದರಲ್ಲಿ ತಲೆ ಹಾಕುವವರು ಅರ್ಥ ಮಾಡ್ಕೊಳ್ಳಿ.

ಪ್ರಶ್ನೆ: ಯಕ್ಷಗಾನ ರಾತ್ರಿ ಇಡೀ ಯಾಕೆ?
– ನಿದ್ದೆ ಬಾರದವರು, ಕೂಡ್ಲು

ಲೊಟ್ಟೆ: ಲಾಸ್ಟ್ ಬಸ್ಸು ತಪ್ಪಿದವರಿಗೆ. ನಿಜ: ಅದು ಉದ್ದ ಕತೆ, ಬೇರೆ ದಿನ ಬರೀತೇನೆ. ತೆಂಕುತಿಟ್ಟು, ಅಂದ್ರೆ ನಮ್ಮ ತೆಂಕಣ ಕಡೆಯ ಯಕ್ಷಗಾನ, ಅದರವರು ಪಿತಾಮಹ ಅಂತ ಕರೆಯುವ ಪಾರ್ತಿಸುಬ್ಬ ನಮ್ಮ ಕುಂಬಳೆಯವ ಅನ್ನುದು ಸದ್ಯಕ್ಕೆ ನೆನಪಿರ್ಲಿ, ಆಚೆ ಊರಿನವರು ಎಳಿಲಿಕ್ಕೆ ನೋಡ್ತಾರೆ.

ಪ್ರಶ್ನೆ: ತೆಂಗಿನಮರಕ್ಕೆ ಮೊದಲ ಮದುವೆ ಮಾಡಿಸಿದ್ದು ನಮ್ಮ ಜಿಲ್ಲೆಯಲ್ಲಂತೆ. ಬ್ರೋಕರ್ ಯಾರು?
– ನೀಲೇಶ್ವರದಲ್ಲಿ ಕೆಲಸಕ್ಕಿರುವ ಕನ್ನಡಿಗ

ಲೊಟ್ಟೆ: ಬ್ರೋಕರ್ ಇಲ್ಲ, ಲವ್ ಮ್ಯಾರೇಜು. ಹುಡುಗಿ ಉದ್ದ, ಹುಡುಗ ಗಿಡ್ಡ, ಮನೆಯವರ ವಿರೋಧ ಇತ್ತು.

ನಿಜ: ಉದ್ದ ಗಿಡ್ಡ ಅನ್ನುದು ಸರಿಯೇ. 1916ರಲ್ಲಿ ಮದ್ರಾಸ್ ಸರ್ಕಾರ ಕಾಸರಗೋಡು, ನೀಲೇಶ್ವರ ಕಡೆ ತೆಂಗಿನ ಸಂಶೋಧನೆಗೆ ತೋಟ ಮಾಡ್ತು, ಕಾಸರಗೋಡಿನದ್ದೇ ಮುಂದೆ 1970ರಲ್ಲಿ ಸಿಪಿಸಿಆರ್‌ಐ, ಅಂದ್ರೆ ಕೇಂದ್ರ ಸರ್ಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಆದದ್ದು. ನೀಲೇಶ್ವರದ ತೋಟದಲ್ಲಿ 1932ರಲ್ಲಿ ಜೆ. ಎಸ್. ಪಟೇಲ್ ಅನ್ನುವ ವಿಜ್ಞಾನಿ ಪಶ್ಚಿಮ ಕರಾವಳಿಯ ಉದ್ದ ತಳಿಯ ಮರಕ್ಕೆ ಚಾವಕ್ಕಾಡಿನ ಹಸುರು ಗಿಡ್ಡ ತಳಿಯ ಪರಾಗ ಹಾಕಿ ಸಸಿ ಮಾಡಿದ್ರು, ಉದ್ದ ಗಿಡ್ಡ ಸೇರಿಸಿದ ಹೈಬ್ರಿಡ್ ತೆಂಗಿನಲ್ಲಿ ಲೋಕದಲ್ಲೇ ಅದು ಮೊದಲು ಅಂತ ಹೇಳ್ತಾರೆ. ಕೆಲಸ ಎಂತದ್ದು ಅಂದ್ರೆ, ಮರ ಹತ್ತಿ, ಅರಳಿದ ಹೊಂಬಾಳೆಯಿಂದ ಗಂಡು ಹೂವನ್ನೆಲ್ಲ ಕೈಯಲ್ಲಿ ಕಿತ್ತು ತೆಗ್ದು, ಬೇರೆ ಪರಾಗ ಬೀಳದ ಹಾಗೆ ಚೀಲ ಕಟ್ಟಿ, ಹೆಣ್ಣು ಹೂ ಹದಕ್ಕೆ ಬಂದ ದಿವಸ ಪುನಃ ಹತ್ತಿ ಬೇಕಾದ ಪರಾಗ ಹಾಕುದು. ಗಿಡ್ಡ ಮರಕ್ಕೆ ಹತ್ತುದು ಸುಲಭ, ಆದ್ರೆ ಹತ್ಬೇಕಾದದ್ದು ಉದ್ದ ಮರಕ್ಕೆ. ನಿಮ್ಮ ಮನೆಯ ಹಿತ್ತಲಿನಲ್ಲಿ ಬೇಗ ಫಲ ಬಿಡುವ ಸಂಕರ ತೆಂಗು ಇದ್ರೆ ಅದರ ಸಂಬಂಧಿಕರು ನೀಲೇಶ್ವರದಲ್ಲಿ ಇದ್ದಾರೆ ಅಂತ ತಿಳ್ಕೊಳ್ಳಿ.

ಪ್ರಶ್ನೆ: ಕಾಸರಗೋಡು ಗಿಡ್ಡ ದನ ಯಾಕೆ ಗಿಡ್ಡ? ನಮ್ಮ ಮಾವ ಘಟ್ಟದ ಮೇಲಿನವರು, ಇದು ಕರು ಅಲ್ವಾ, ದನ ಎಲ್ಲಿ ಅಂತ ಕೇಳಿ ಮರ್ಯಾದೆ ತೆಗೆದ್ರು.
– ಪೆರ್ಲದಿಂದ

ಲೊಟ್ಟೆ: ಸುರುವಿಗೆ ಆನೆಯಷ್ಟು ದೊಡ್ಡದೇ ಇತ್ತು. ಸರ್ಕಾರ ಬದಲಾದಾಗೆಲ್ಲ ಒಬ್ಬೊಬ್ಬರು ಬಂದು ಅಳತೆ ಮಾಡಿ ತೆರಿಗೆ ಹಾಕಿದ್ರು, ಎತ್ತರಕ್ಕೆ ಇಷ್ಟು ಅಂತ. ದನಕ್ಕೆ ಬುದ್ಧಿ ಉಂಟಲ್ಲ, ಕುಗ್ಗಿತು.

ನಿಜ: ಎತ್ತರ ಒಂದು ಮೀಟರಿನ ಆಸುಪಾಸು, ಇಲ್ಲಿಯ ಮಳೆ, ಸೆಕೆ, ಗುಡ್ಡೆ, ಗುಡ್ಡೆಯ ಬಡ ಹುಲ್ಲು ಇಷ್ಟಕ್ಕೆ ಹೊಂದಿಕೊಂಡ ಜಾತಿ. ಹಿಂಡಿ ಗಿಂಡಿ ಬೇಡ, ಕಾಯಿಲೆ ಕಡಿಮೆ, ಗುಡ್ಡೆಗೆ ಬಿಟ್ರೆ ಸಂಜೆ ಮನೆಗೆ ಬರ್ತದೆ. ಹಾಲು ಲೋಟದ ಲೆಕ್ಕದಲ್ಲಿ ಅನ್ನುದು ಹೌದು, ಅದಕ್ಕೇ ಜರ್ಸಿ ಬಂದ ಮೇಲೆ ಎಲ್ಲರೂ ಇದನ್ನು ಮಾರಿದ್ರು, ಈಗ ಅಪರೂಪ ಆದ ಮೇಲೆ ಹುಡುಕ್ಲಿಕ್ಕೆ ಸುರು ಮಾಡಿದ್ದಾರೆ. ಬದಿಯಡ್ಕ ಹತ್ರ ಬೇಳದಲ್ಲಿ ಈ ತಳಿ ಉಳಿಸ್ಲಿಕ್ಕೆ ಅಂತಲೇ ಸರ್ಕಾರದ ಫಾರ್ಮ್ ಉಂಟು. ಮಾವ ಇನ್ನೊಮ್ಮೆ ಬಂದಾಗ ಅಲ್ಲಿಗೆ ಕರ್ಕೊಂಡು ಹೋಗಿ, ಒಟ್ರಾಶಿ ಅಷ್ಟು ದನ ನೋಡಿದ ಮೇಲೂ ಕರು ಅಂದ್ರೆ ಅವರ ಊರಿನ ಚರಿತ್ರೆ ಬಗ್ಗೆ ನಾಲ್ಕು ಪ್ರಶ್ನೆ ಬರೆದು ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ನಾನು ನೋಡ್ಕೊಳ್ತೇನೆ.